ಫ್ಲಡ್‌ಲೈಟ್ ಹಾಕ್ಕೊಂಡು ನಕ್ಷತ್ರ ತೋರಿಸಬೇಡಿ

ದಾವಣಗೆರೆ ಹತ್ತಿರದ ಶಾಲೆಯೊಂದರಲ್ಲಿ ಮೊನ್ನೆ ಆಕಾಶ ವೀಕ್ಷಣೆ ಕಾರ್ಯಕ್ರಮ ನೋಡಿದಾಗಿನಿಂದ ಸಿಟ್ಟು ಇಳಿದಿಲ್ಲ. ವೇದಿಕೆ ತುಂಬ ಎಲ್‌ಇಡಿ ಫ್ಲಡ್‌ಲೈಟು, ಅದರ ಬುಡದಲ್ಲೇ ಟೆಲಿಸ್ಕೋಪು. ಹೈಸ್ಕೂಲ್ ಮಕ್ಕಳು ಗ್ರಹಗಳ ದೂರ, ಗಾತ್ರ ಎಲ್ಲ ಬಾಯಿಪಾಠ ಒಪ್ಪಿಸಿದರು. ಆಮೇಲೆ ಪರಿಸರ ಉಳಿಸಿ ಅಂತ ಬೇರೆಯದೇ ಒಂದು ಭಾಷಣ. ಜನ ತಲೆಯೆತ್ತಿದರೆ ಮೇಲೆ ಬರೀ ಮಬ್ಬು.

ಮಕ್ಕಳದ್ದೇನೂ ತಪ್ಪಿಲ್ಲ. ಅವರನ್ನು ತಯಾರು ಮಾಡಿದ ಕ್ರಮವೇ ಉಲ್ಟಾ. ಜನರಿಗೆ ಆಕಾಶ ತೋರಿಸೋಕೆ ಹೊರಟ ವಿದ್ಯಾರ್ಥಿ ಮೊದಲು ಕಲಿಯಬೇಕಾದ್ದು ದೀಪ ಆರಿಸುವುದನ್ನು. ಕಣ್ಣು ಕತ್ತಲಿಗೆ ಸರಿಯಾಗಿ ಒಗ್ಗೋಕೆ 20ರಿಂದ 30 ನಿಮಿಷ ಬೇಕು. ನಡುವೆ ಯಾರೋ ಒಬ್ಬರು ಮೊಬೈಲ್ ಟಾರ್ಚ್ ಬಿಟ್ಟರೆ ಅಷ್ಟೂ ಹೊತ್ತು ಕಾದದ್ದು ದಂಡ. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕೋದು ಮೊದಲ ಪಾಠವಾಗಲಿ.

ಟೆಲಿಸ್ಕೋಪನ್ನು ತಾರಸಿ ಮೇಲೆ ಇಡಲೇಬೇಡಿ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೂ ಬಿಸಿಗಾಳಿ ಬಿಡ್ತಾ ಇರುತ್ತೆ, ಗುರುಗ್ರಹ ನೀರಿಗೆ ಬಿದ್ದ ಕಾಸಿನ ಹಾಗೆ ಅಲುಗುತ್ತೆ. ಮಣ್ಣಿನ ಮೈದಾನ ಒಳ್ಳೇದು. ಫೈಂಡರನ್ನು (ಗುರಿ ಹಿಡಿಯೋಕೆ ಟೆಲಿಸ್ಕೋಪಿನ ಮೇಲೆ ಕೂರಿಸಿರುವ ಚಿಕ್ಕ ದುರ್ಬೀನು) ಹಗಲಲ್ಲೇ ದೂರದ ಮೊಬೈಲ್ ಟವರಿನ ತುದಿಗೆ ಹೊಂದಿಸಿ ಇಟ್ಟುಕೊಳ್ಳಿ, ಸೂರ್ಯನ ದಿಕ್ಕಿಗೆ ಮಾತ್ರ ತಿರುಗಿಸಬೇಡಿ. 1200 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡೋ ಜಾಗಕ್ಕಿರುವ ದೂರ) ಇರುವ, ಕೈಯಲ್ಲೇ ತಿರುಗಿಸೋ 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪಿಗೆ 10 ಮಿ.ಮೀ. ಐಪೀಸ್ (ಕಣ್ಣಿಡೋ ಮಸೂರ) ಹಾಕಿದರೆ 1200 ಭಾಗಿಸು 10, ಅಂದರೆ 120 ಪಟ್ಟು ದೊಡ್ಡದಾಗಿ ಕಾಣುತ್ತೆ ನಿಜ. ಆದರೆ ಭೂಮಿ ತಿರುಗ್ತಾ ಇರುತ್ತಲ್ಲ, ಎರಡು ನಿಮಿಷದೊಳಗೆ ಗ್ರಹ ಒಂದು ಅಂಚಿಂದ ಇನ್ನೊಂದು ಅಂಚು ದಾಟಿ ಹೋಗಿರುತ್ತೆ. ಅಜ್ಜಿ ಬಗ್ಗಿ ಕಣ್ಣಿಡೋ ಹೊತ್ತಿಗೆ ಖಾಲಿ. "ಏನೂ ಕಾಣವಲ್ದಪ್ಪ" ಅಂತ ಹೊರಟುಬಿಡ್ತಾರೆ. 25 ಮಿ.ಮೀ. ಹಾಕಿ. 48 ಪಟ್ಟಿನಲ್ಲೂ ಗುರುವಿನ ನಾಲ್ಕು ದೊಡ್ಡ ಚಂದ್ರರು ಸಲೀಸಾಗಿ ಕಾಣ್ತಾರೆ. ಇಬ್ಬರು ನೋಡಿದ ಮೇಲೊಮ್ಮೆ ಗ್ರಹವನ್ನು ನಡುವಿಗೆ ತರೋದು ಪಕ್ಕದಲ್ಲಿ ನಿಂತ ವಿದ್ಯಾರ್ಥಿಯ ಕೆಲಸ.

ಮಾತಾಡುವುದನ್ನೂ ಕಲಿಸಬೇಕು. ಜಗಳೂರು, ಚಳ್ಳಕೆರೆ ಕಡೆಯ ರೈತರಿಗೆ ಆರಿದ್ರಾ ಮಳೆ ಗೊತ್ತು. ಸೂರ್ಯ ಆರಿದ್ರಾ ಅನ್ನೋ ನಕ್ಷತ್ರದ ದಿಕ್ಕಿನಲ್ಲಿರುವ ದಿನಗಳು ಅವು, ಜೂನ್ ಕೊನೆಯಿಂದ ಸುಮಾರು ಎರಡು ವಾರ. ಅದಕ್ಕೇ ಆ ಮಳೆಗಾಲದಲ್ಲಿ ಆ ನಕ್ಷತ್ರ ಕಾಣಲ್ಲ. ಜನವರಿ ಕೊನೆಗೆ ರಾತ್ರಿ ಒಂಬತ್ತೂವರೆ ಸುಮಾರಿಗೆ ನೆತ್ತಿಯ ಹತ್ತಿರ ಕೆಂಪಗೆ ಬಂದಿರುತ್ತೆ. "ಯಜಮಾನ್ರೇ, ನಿಮ್ಮ ಆರಿದ್ರಾ ಇಲ್ಲೈತಿ ನೋಡ್ರಿ" ಅಂತ ಎಂಟನೇ ಕ್ಲಾಸಿನ ಹುಡುಗಿ ಬೆರಳು ತೋರಿಸಲಿ, ಅವರು ಜಾಗ ಬಿಟ್ಟು ಕದಲಲ್ಲ.

ದೀಪ ಆರಿಸಿ ಅಂದ ಕೂಡಲೇ ಹಾವು, ಕಳ್ಳರು, ಹೆಣ್ಣುಮಕ್ಕಳ ಸುರಕ್ಷತೆ ಅಂತ ಶುರುವಾಗುತ್ತೆ. ಊರಿಗೆ ಊರೇ ಕತ್ತಲಾಗಲಿ ಅಂತ ಯಾರೂ ಕೇಳ್ತಿಲ್ಲ. ನೆಟ್ಟಗೆ ಕಣ್ಣಿಗೆ ಹೊಡೆಯೋ ದೀಪದ ಹಿಂದೆ ನಿಂತವನು ಯಾರಿಗೂ ಕಾಣಲ್ಲ. ಅದನ್ನೇ ಕೆಳಮುಖ ಮಾಡಿ ತಗಡಿನ ಮುಚ್ಚಳ ಕೊಟ್ಟರೆ ನೆಲವೂ ಕಾಣುತ್ತೆ, ಹಾವೂ ಕಾಣುತ್ತೆ. ಬಲ್ಬು 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಮೀರದ ಹಳದಿಯದ್ದಿರಲಿ. ನೀಲಿ ಬೆರೆತ ಬಿಳಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತೆ, ಹುಳುಗಳನ್ನೂ ಹೆಚ್ಚು ಸೆಳೆಯುತ್ತೆ. ಬೆಳಿಗ್ಗೆ ಕಂಬದ ಬುಡದಲ್ಲಿ ಸತ್ತು ಬಿದ್ದಿರೋ ಪತಂಗಗಳು ರಾತ್ರಿ ಹೂವಿಂದ ಹೂವಿಗೆ ಪರಾಗ ಒಯ್ಯಬೇಕಿದ್ದವು. ಮಕ್ಕಳಿಗೆ ಅದನ್ನು ತೋರಿಸಿ. ಪರಿಸರದ ಪಾಠ ಅಲ್ಲೇ ಇದೆ, ಅದಕ್ಕೆ ಪ್ರತ್ಯೇಕ ಭಾಷಣ ಯಾಕೆ ಬೇಕು?

ಚಳಿಗಾಲದ ಅಮಾವಾಸ್ಯೆ ಹತ್ತಿರದ ರಾತ್ರಿ ಮಕ್ಕಳು ಕೃತ್ತಿಕೆ ನಕ್ಷತ್ರಗುಚ್ಛದ ಚುಕ್ಕೆ ಎಣಿಸಲಿ. ಒಳ್ಳೆ ಕತ್ತಲಿದ್ದರೆ ಬರಿಗಣ್ಣಿಗೆ ಆರು ಸಿಗುತ್ತವೆ, ದೀಪದಡಿ ಒಂದು ಮಸುಕು ಮಚ್ಚೆ. ಶಾಲೆ ಸುತ್ತಲ ದೀಪಗಳಿಗೆ ಮುಚ್ಚಳ ಹಾಕೋ ಮುಂಚೆ ಒಂದು ಲೆಕ್ಕ, ಹಾಕಿದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಮಕ್ಕಳೇ ಗ್ರಾಮ ಪಂಚಾಯಿತಿಗೆ ಹೋಗಿ ಪಿಡಿಒ ಕೈಗೆ ಕೊಡಲಿ. ಹಳ್ಳಿಯ ಬೀದಿದೀಪ ನೋಡಿಕೊಳ್ಳಬೇಕಾದವರು ಅವರೇ.