ಭಾರತಕ್ಕೇ ಅಂತ ಬೇರೆ ಕಾರು ವಿನ್ಯಾಸ ಮಾಡಬೇಕಾ?

ಪರ: ಬೇಕು

ಟೊಯೊಟಾ ಎಟಿಯೋಸ್ ನೆನಪಿದೆ ಅಲ್ವಾ? 2010ರ ಡಿಸೆಂಬರಿನಲ್ಲಿ ಬಿಡದಿಯ ಫ್ಯಾಕ್ಟರಿಯಿಂದ ಹೊರಬಂದ ಕಾರು. ಭಾರತದ ಗಿರಾಕಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹೊರಗಿನಿಂದ ನೋಡಿದರೆ ಸಪ್ಪೆ. ಒಳಗೆ ಕೂತರೆ ಕಥೆಯೇ ಬೇರೆ.

ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟಿನ ಮುಂದೆ, ಸರಿಯಾಗಿ ನಡುವೆ, ಒಂದು ದಿಬ್ಬ ಎದ್ದಿರುತ್ತದೆ. ನಡುವೆ ಕೂತವರು ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟುಕೊಂಡೇ ಊರು ಸೇರಬೇಕು. ಎಟಿಯೋಸ್‌ನಲ್ಲಿ ಆ ನೆಲ ಹೆಚ್ಚುಕಡಿಮೆ ಸಮತಟ್ಟು. ಸಣ್ಣ ವಿಷಯ ಅನ್ನಬೇಡಿ. ನಮ್ಮಲ್ಲಿ ಆ ನಡುವಿನ ಜಾಗ ಖಾಲಿ ಇರುವುದು ಯಾವಾಗ ಹೇಳಿ? ಇನ್ನು ಡಿಕ್ಕಿ 595 ಲೀಟರ್. ಮದುವೆಗೆ ಹೊರಟ ಮನೆಯವರ ಸೂಟ್‌ಕೇಸು, ಬ್ಯಾಗು ಎಲ್ಲಾ ತುಂಬಿದ ಮೇಲೂ ಜಾಗ ಉಳಿಯುತ್ತದೆ. ಗ್ಲೋವ್ ಬಾಕ್ಸಿಗೆ ಎಸಿಯ ತಂಪು ಗಾಳಿ ಬರುತ್ತಿತ್ತು. ಏಪ್ರಿಲ್‌ನಲ್ಲಿ ರಾಯಚೂರಿನ ಕಡೆ ಹೋದವರಿಗೆ ತಣ್ಣಗಿನ ನೀರಿನ ಬೆಲೆ ಗೊತ್ತು.

ಯುರೋಪಿಗೆ ಅಂತ ಮಾಡಿದ ಸಣ್ಣ ಕಾರಿನಲ್ಲಿ ಇದೆಲ್ಲ ಸಿಗುವುದು ಕಷ್ಟ. ಅಲ್ಲಿ ಅದು ಎಷ್ಟೋ ಸಲ ಮನೆಯ ಎರಡನೇ ಕಾರು. ಇಲ್ಲಿ ಅದೇ ಇಡೀ ಮನೆಗೆ ಇರುವ ಒಂದು ಕಾರು. ಟ್ಯಾಕ್ಸಿಯವರು ಎಟಿಯೋಸನ್ನು ಸುಮ್ನೆ ಕೊಂಡರಾ? ದಿನವಿಡೀ ಗಾಡಿಯಲ್ಲೇ ಕೂತಿರುವವರು ಕೊಟ್ಟ ಸರ್ಟಿಫಿಕೇಟ್ ಅದು.

ವಿರೋಧ: ಬೇಡ

ಆ ಸರ್ಟಿಫಿಕೇಟೇ ಮುಳುವಾಯಿತಲ್ಲ! ಸಾಲ ಮಾಡಿ ಮೊದಲ ಸೆಡಾನ್ ತರುವವರಿಗೆ, ಏರ್‌ಪೋರ್ಟ್ ಮುಂದೆ ಸಾಲಾಗಿ ನಿಂತ ಗಾಡಿಯೇ ತಮ್ಮ ಮನೆ ಮುಂದೆಯೂ ನಿಂತರೆ ಹಿಡಿಸುತ್ತದಾ?

'ಭಾರತಕ್ಕಾಗಿ' ಅಂದ ಕೂಡಲೇ 'ಇವರಿಗೆ ಇಷ್ಟು ಸಾಕು' ಅನ್ನುವ ಲೆಕ್ಕ ಶುರುವಾಗುತ್ತದೆ. ನ್ಯಾನೋ ನೋಡಿ. 2008ರಲ್ಲಿ ಒಂದು ಲಕ್ಷದ ಕಾರು ಅಂತ ತೋರಿಸಿದರು. ಚಕ್ರಕ್ಕೆ ಮೂರೇ ನಟ್ಟು. ಹಿಂದಿನ ಡಿಕ್ಕಿ ಹೊರಗಿನಿಂದ ತೆರೆಯುವುದೇ ಇಲ್ಲ, ಬ್ಯಾಗ್ ಇಡಬೇಕೆಂದರೆ ಒಳಗಿನಿಂದ ಸೀಟು ಮಡಚಬೇಕು. ತೆರೆಯುವ ಡಿಕ್ಕಿ ಬಂದಿದ್ದು 2015ರಲ್ಲಿ. ಅದಕ್ಕೂ ಮೊದಲೇ, 2014ರಲ್ಲಿ, ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ ಸ್ಟಾರ್. (ಎಟಿಯೋಸ್ ಪಾಪ, 2016ರಲ್ಲಿ ಅಲ್ಲೇ ನಾಲ್ಕು ಸ್ಟಾರ್ ತಗೊಂಡಿತು. ಆ ಮಾತು ಒಪ್ಪಬೇಕು.)

ಇನ್ನೊಂದು ತಮಾಷೆ ಇದೆ. 'ನಮ್ಮ ವಿನ್ಯಾಸ' ಅನ್ನುವುದನ್ನು ಎಷ್ಟೋ ಸಲ ತೆರಿಗೆ ನಿಯಮವೇ ಗೀಚುತ್ತದೆ. ನಾಲ್ಕು ಮೀಟರಿನ ಒಳಗಿದ್ದು ಎಂಜಿನ್ ಚಿಕ್ಕದಾದರೆ ತೆರಿಗೆ ಕಮ್ಮಿ. ಅದಕ್ಕೇ 2012ರ ಡಿಜೈರ್‌ನ ಬಾಲ ಕತ್ತರಿಸಿ 3,995 ಮಿಲಿಮೀಟರಿಗೆ ನಿಲ್ಲಿಸಿದರು. ಡಿಕ್ಕಿ 316 ಲೀಟರಿಗೆ ಬಂತು. ಇದರಲ್ಲಿ ಮದುವೆ ಮನೆಯವರ ಸೂಟ್‌ಕೇಸಿನ ಬಗ್ಗೆ ಯೋಚಿಸಿದವರು ಯಾರು?

ಕೊನೆಗೆ ಆಗಿದ್ದೇನು? 2020ರಲ್ಲಿ ಎಟಿಯೋಸ್ ನಿಂತಿತು. ಅದಕ್ಕೆ ಒಂದು ವರ್ಷ ಮೊದಲೇ ಟೊಯೊಟಾ, ಸುಜುಕಿಯ ಬಲೆನೋಗೆ ತನ್ನ ಲಾಂಛನ ಅಂಟಿಸಿ ಗ್ಲಾನ್ಜಾ ಅಂತ ಮಾರಲು ಶುರು ಮಾಡಿತ್ತು. ಬಲೆನೋ ಒಂದೇ ದೇಶಕ್ಕೆ ಅಂತ ಮಾಡಿದ್ದಲ್ಲ. ಇಲ್ಲೇ ತಯಾರಾಗಿ 2016ರಲ್ಲಿ ಜಪಾನಿಗೇ ಹಡಗು ಹತ್ತಿದ ಕಾರು ಅದು. ಅಂಥದ್ದನ್ನೇ ತನ್ನಿ. ಎಸಿ ಚುರುಕು ಮಾಡಿ, ಹಂಪ್‌ಗೆ ತಳ ತಾಗದಷ್ಟು ಎತ್ತರಿಸಿ, ಹಾರ್ನ್ ಸ್ವಲ್ಪ ಗಟ್ಟಿ ಹಾಕಿ. ಇಷ್ಟಕ್ಕೆ ಬೇರೆ ಕಾರೇ ಯಾಕೆ?