ಒಂದೇ ಗಂಟೆ ಅಂತೆ!

“ವಿಮಾನದಲ್ಲಿ ಹೋದ್ರೆ ಒಂದೇ ಗಂಟೆ ಕಣ್ರೀ!” ಹೀಗೆ ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ರೈಲಿನಲ್ಲಿ ಹೋಗ್ತೀನಿ ಅಂದ ತಕ್ಷಣ ಕನಿಕರದಿಂದ ನೋಡುತ್ತಾರೆ. ಪಾಪ, ಕೈಯಲ್ಲಿ ಕಾಸಿಲ್ಲವೋ ಏನೋ, ಇಲ್ಲಾ ಮೇಲೆ ಹಾರುವುದಕ್ಕೆ ಭಯವೋ ಏನೋ ಅನ್ನುವ ನೋಟ ಅದು. ಎರಡೂ ಅಲ್ಲ ಅಂದರೆ ನಂಬುವುದಿಲ್ಲ.

ಆ ಒಂದು ಗಂಟೆಯನ್ನು ಸ್ವಲ್ಪ ಬಿಚ್ಚಿ ನೋಡಬೇಕು. ವಿಮಾನ ನಿಲ್ದಾಣ ಸಾಮಾನ್ಯವಾಗಿ ಊರಿನೊಳಗೆ ಇರುವುದಿಲ್ಲ. ಅಲ್ಲಿಗೆ ಮುಟ್ಟುವುದೇ ಒಂದು ಪ್ರಯಾಣ. ಎರಡು ಗಂಟೆ ಮೊದಲೇ ಬನ್ನಿ ಅನ್ನುತ್ತಾರೆ. ಟ್ರಾಫಿಕ್ಕಿಗೆ ಹೆದರಿ ನಾವು ಮೂರು ಗಂಟೆ ಮೊದಲೇ ಹೋಗಿ ಕೂತಿರುತ್ತೇವೆ. ಆಮೇಲೆ ಸಾಲು. ಒಂದು ಸಾಲು ಮುಗಿಯಿತು ಅನ್ನುವಾಗ ಇನ್ನೊಂದು. ಬೆಲ್ಟು, ವಾಚು, ಕೆಲವು ಕಡೆ ಶೂ ಕೂಡ ಬಿಚ್ಚಿ ಪ್ಲಾಸ್ಟಿಕ್ ಟ್ರೇಗೆ ಹಾಕಬೇಕು. ಒಂದು ಕೈಯಲ್ಲಿ ಜಾರುವ ಪ್ಯಾಂಟು, ಇನ್ನೊಂದು ಕೈಯಲ್ಲಿ ಬೋರ್ಡಿಂಗ್ ಪಾಸು. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚೊಂದು ಬಯಲಾದ ಮೇಲೆ, 100 ಮಿ.ಲೀ. ದಾಟಿದ ಡಬ್ಬಿ ಕೈಚೀಲದಲ್ಲಿ ಇರಕೂಡದು ಎಂಬ ನಿಯಮ ಹಲವು ದೇಶಗಳಿಗೆ ಬಂತು. ಹಾಗಾಗಿ ಅರ್ಧ ಕುಡಿದ ನೀರಿನ ಬಾಟಲಿಯನ್ನು ಕಸದ ಡಬ್ಬಿಗೆ ಹಾಕುತ್ತೇವೆ. ನಾಲ್ಕು ಹೆಜ್ಜೆ ಒಳಗೆ ಹೋಗಿ ಇನ್ನೊಂದು ಬಾಟಲಿ ಕೊಳ್ಳುತ್ತೇವೆ. ಇಳಿದ ಮೇಲೆ ಪೆಟ್ಟಿಗೆಗೆ ಕಾಯುವುದು ಬೇರೆ. ಆ ಬೆಲ್ಟಿನ ಮೇಲೆ ಯಾರದೋ ಕೆಂಪು ಪೆಟ್ಟಿಗೆ ಮೂರು ಸುತ್ತು ಹಾಕಿದರೂ ನಮ್ಮದು ಬಂದಿರುವುದಿಲ್ಲ. ಇಷ್ಟರ ಮಧ್ಯೆ ಎಲ್ಲೋ ಆ ಒಂದು ಗಂಟೆ ಇದೆ, ಸುಳ್ಳಲ್ಲ.

ಹೊತ್ತು ಹೋಯಿತಲ್ಲ ಎಂಬುದು ನನ್ನ ತಕರಾರಲ್ಲ. ರೈಲಿನಲ್ಲಿ ಅದಕ್ಕಿಂತ ಜಾಸ್ತಿಯೇ ಹೋಗುತ್ತದೆ. ಆದರೆ ವಿಮಾನದ ದಾರಿಯಲ್ಲಿ ನಮ್ಮ ಹೊತ್ತನ್ನೆಲ್ಲ ಹತ್ತು ನಿಮಿಷ, ಹದಿನೈದು ನಿಮಿಷದ ಚೂರು ಮಾಡಿ ಬೇರೆಯವರು ಹಂಚಿಕೊಂಡುಬಿಡುತ್ತಾರೆ. ಪುಸ್ತಕ ತೆಗೆದರೆ ಗೇಟ್ ಬದಲಾಯಿತು ಅನ್ನುತ್ತಾರೆ. ಕಣ್ಣು ಮುಚ್ಚಿದರೆ ಸೀಟು ನೆಟ್ಟಗೆ ಮಾಡಿ ಅನ್ನುತ್ತಾರೆ. ರೈಲಿನ ಹನ್ನೆರಡು ಗಂಟೆ ಹಾಗಲ್ಲ. ಟಿಕೆಟ್ ನೋಡುವವನು ಒಮ್ಮೆ ಬಂದು ಹೋದನೆಂದರೆ ಮುಗಿಯಿತು, ಉಳಿದದ್ದೆಲ್ಲ ಇಡಿಯಾಗಿ ನಮ್ಮದು. ಓದಬಹುದು, ಸುಮ್ನೆ ಕೂರಬಹುದು. ಸುಮ್ನೆ ಕೂತಿದ್ದಕ್ಕೆ ಯಾರೂ ಬೈಯದ ಜಾಗ ಈ ಲೋಕದಲ್ಲಿ ಇನ್ನೆಷ್ಟು ಉಳಿದಿದೆ, ಹೇಳಿ.

ಅದರಲ್ಲೂ ರಾತ್ರಿ ರೈಲು. ಹೇಗೂ ಮನೆಯಲ್ಲಿ ಮಲಗಿ ಕಳೆಯುತ್ತಿದ್ದ ಹೊತ್ತದು, ಹಾಗಾಗಿ ನನ್ನ ಲೆಕ್ಕಕ್ಕೇ ಬರುವುದಿಲ್ಲ. ರೈಲು ಓಡುತ್ತಿರುವಷ್ಟು ಹೊತ್ತು ಗಾಢ ನಿದ್ದೆ. ನಿಂತರೆ ಎಚ್ಚರ. ನಡುರಾತ್ರಿ ಯಾವುದೋ ಸ್ಟೇಷನ್ನು, ಖಾಲಿ ಪ್ಲಾಟ್‌ಫಾರಂ. ಒಬ್ಬಾತ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ಟಣ್ ಟಣ್ ಎಂದು ಬಡಿಯುತ್ತಾ ಹೋಗುತ್ತಾನೆ. ಗಟ್ಟಿಯಾದ ಗಾಲಿ ಗಂಟೆಯಂತೆ ದನಿ ಕೊಡುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಈಗ ಎಷ್ಟೋ ಕಡೆ ಈ ಕೆಲಸಕ್ಕೆ ಯಂತ್ರ ಬಂದಿದೆ. ರಾತ್ರಿ ರೈಲುಗಳ ಕಾಲವೇ ಮುಗಿಯಿತು ಎಂದು ಯುರೋಪಿನಲ್ಲಿ ಮಾತಾಡಿಕೊಂಡಿದ್ದರು. 2016ರ ಕೊನೆಯಲ್ಲಿ ಜರ್ಮನಿಯ ರೈಲ್ವೆ ನಷ್ಟವಾಗುತ್ತಿದೆ ಎಂದು ತನ್ನ ಸ್ಲೀಪರ್ ರೈಲುಗಳನ್ನು ನಿಲ್ಲಿಸಿಬಿಟ್ಟಿತು. ಪಕ್ಕದ ಆಸ್ಟ್ರಿಯಾದವರು ಅವೇ ಬೋಗಿಗಳಲ್ಲಿ ಕೆಲವನ್ನು ಕೊಂಡು ‘ನೈಟ್‌ಜೆಟ್’ ಹೆಸರಿನಲ್ಲಿ ಓಡಿಸತೊಡಗಿದರು. ಜನ ಹತ್ತಿದರು.

ನಿಧಾನದ ಪರವಾಗಿ ನನ್ನ ಹತ್ತಿರ ಇರುವ ಗಟ್ಟಿ ಸಾಕ್ಷಿ ಮಾತ್ರ ಟ್ರಾನ್ಸ್-ಸೈಬೀರಿಯನ್ ರೈಲು. ಮಾಸ್ಕೋದಿಂದ ರಷ್ಯಾದ ಪೂರ್ವ ತುದಿಯ ವ್ಲಾಡಿವಸ್ತೋಕ್‌ವರೆಗೆ 9,289 ಕಿಲೋಮೀಟರ್. ಹೆಚ್ಚುಕಡಿಮೆ ಒಂದು ವಾರ. ಎರಡು ಊರುಗಳ ಗಡಿಯಾರಕ್ಕೆ ಏಳು ಗಂಟೆ ವ್ಯತ್ಯಾಸ. ಅಂದರೆ ದಿನಕ್ಕೊಂದು ಗಂಟೆ. ನಮ್ಮ ಮೈಯೊಳಗಿನ ಗಡಿಯಾರ ಹೊಸ ಜಾಗಕ್ಕೆ ಹೊಂದಿಕೊಳ್ಳುವುದೂ ಸುಮಾರು ಅದೇ ವೇಗದಲ್ಲಿ! ವಿಮಾನದಲ್ಲಿ ಹೋದವರು ಇಳಿದ ಮೇಲೆ ನಡುರಾತ್ರಿ ಮೂರಕ್ಕೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂರುತ್ತಾರೆ. ರೈಲಿನವರು ದಾರಿಯಲ್ಲೇ ಕಂತಿನಲ್ಲಿ ತೀರಿಸಿಬಿಟ್ಟಿರುತ್ತಾರೆ. ಆದರೆ ರಷ್ಯಾದ ರೈಲ್ವೆಯವರೇ ಇದನ್ನು ಬಹಳ ಕಾಲ ಒಪ್ಪಿಕೊಂಡಿರಲಿಲ್ಲ. 2018ರವರೆಗೂ ದೇಶದುದ್ದಕ್ಕೂ ರೈಲಿನ ವೇಳಾಪಟ್ಟಿ ಮಾಸ್ಕೋ ಟೈಮಿನಲ್ಲೇ ಇತ್ತು. ಹೊರಗೆ ಬೆಳಗಿನ ಬಿಸಿಲು, ಟಿಕೆಟ್ಟಿನಲ್ಲಿ ನಡುರಾತ್ರಿ.

ಇಷ್ಟೆಲ್ಲ ಹೇಳಿ ಇಂಗಾಲದ ಮಾತು ಎತ್ತದಿದ್ದರೆ ತಪ್ಪಾಗುತ್ತದೆ. ನಾಲ್ಕು ಜನರ ಮುಂದೆ ನಾನು ಮೊದಲು ಹೇಳುವುದೇ ಅದನ್ನು, ಕೇಳುವುದಕ್ಕೆ ಘನವಾಗಿರುತ್ತದಲ್ಲ. ಬ್ರಿಟನ್ ಸರ್ಕಾರದ ಲೆಕ್ಕದಲ್ಲಿ, ದೇಶದೊಳಗೆ ರೈಲಿನಲ್ಲಿ ಹೋಗುವ ಒಬ್ಬರ ಪಾಲಿಗೆ ಕಿಲೋಮೀಟರಿಗೆ ಸುಮಾರು 35 ಗ್ರಾಂ ಇಂಗಾಲದ ಹೊಗೆ ಬರುತ್ತದೆ. ಅದೇ ವಿಮಾನವಾದರೆ 250 ಗ್ರಾಂ ಆಸುಪಾಸು. ಒಂದು ಕಿಲೋ ವಿಮಾನದ ಇಂಧನ ಉರಿದರೆ ಮೂರು ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಇದೇನು ಮಾಯವೇ ಅನ್ನಿಸಬಹುದು. ಇಂಧನದ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿಕೊಂಡು ತೂಕ ಏರುತ್ತದೆ, ಅಷ್ಟೇ. ಆಮೇಲೆ ಆಕಾಶದಲ್ಲಿ ಎಳೆದ ಹಾಗೆ ಕಾಣುವ ಬಿಳಿ ಗೆರೆ ಇದೆಯಲ್ಲ, ಮಕ್ಕಳು ಕೈ ಬೀಸಿ ಖುಷಿಪಡುತ್ತಾರಲ್ಲ, ಅದೂ ನಿರುಪದ್ರವಿ ಗೆರೆಯಲ್ಲ. ಹಗಲಾದರೆ ಒಂದಿಷ್ಟು ಬಿಸಿಲನ್ನಾದರೂ ಮೇಲಕ್ಕೆ ವಾಪಸ್ ಕಳಿಸುತ್ತದೆ. ರಾತ್ರಿ ಆ ಉಪಕಾರವೂ ಇಲ್ಲ, ಕಂಬಳಿ ಹೊದಿಸಿದ ಹಾಗೆ ನೆಲದ ಶಾಖವನ್ನು ಹಿಡಿದಿಡುವುದೊಂದೇ ಕೆಲಸ.

ಹಾಗಿದ್ದೂ ಎಷ್ಟೋ ಕಡೆ ವಿಮಾನದ ಟಿಕೆಟ್ಟೇ ಅಗ್ಗ. ಅದಕ್ಕೊಂದು ಹಳೆಯ ಕಾರಣವಿದೆ. ವಿಮಾನದ ಟ್ಯಾಂಕಿನಲ್ಲಿ ಬಂದಿಳಿದ ಇಂಧನಕ್ಕೆ ಸುಂಕ ಹಾಕಕೂಡದು ಎಂದು 1944ರ ಶಿಕಾಗೋ ಒಪ್ಪಂದ ಹೇಳಿತು. ಮುಂದೆ ದೇಶದೇಶಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದಗಳು ಅದನ್ನೇ ಇನ್ನಷ್ಟು ಹಿಗ್ಗಿಸಿದವು. ದೇಶದಿಂದ ದೇಶಕ್ಕೆ ಹಾರುವ ವಿಮಾನದ ಇಂಧನಕ್ಕೆ ಇವತ್ತಿಗೂ ಬಹುತೇಕ ತೆರಿಗೆಯೇ ಇಲ್ಲ. ಆಗ ವಿಮಾನ ಎಳೆಗೂಸು, ಸಾಕಬೇಕಿತ್ತು, ಸರಿ. ಈಗಲೂ ತೊಟ್ಟಿಲು ತೂಗುತ್ತಿದ್ದೇವೆ.

ನಿಧಾನವಾದದ್ದೆಲ್ಲ ಒಳ್ಳೆಯದೇ ಎಂದು ತಿಳಿಯಬೇಡಿ. ಈಜುಕೊಳ, ರಂಗಮಂದಿರ ಎಲ್ಲ ಹೊತ್ತುಕೊಂಡು ತೇಲುವ ಐಷಾರಾಮಿ ಕ್ರೂಸ್ ಹಡಗು ಆಮೆಯ ಹಾಗೆ ಹೋದರೂ ಹೊಗೆಯಲ್ಲಿ ವಿಮಾನವನ್ನು ಮೀರಿಸಬಹುದು. ಹೇಗೂ ಸಾಗುವ ಸರಕಿನ ಹಡಗಿನ ಒಂದು ಮೂಲೆಯ ಕೋಣೆ ಹಿಡಿದು ಹೋಗುವುದು ಬೇರೆ ವಿಷಯ. ಆದರೆ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು ಪ್ರಯಾಣಿಕರ ಹಡಗೇ ಆಗಿಬಿಡುತ್ತದೆ. ಅಲ್ಲಿಗೆ ನೂರೆಂಟು ಹೊಸ ಕಟ್ಟಳೆಗಳು. ಹಾಗಾಗಿ ಹನ್ನೆರಡಕ್ಕೇ ಬಾಗಿಲು ಹಾಕುತ್ತಾರೆ.

ಪಟ್ಟು ಹಿಡಿದು ವಿಮಾನ ಬಿಟ್ಟವರ ಪಾಡು ನೋಡಬೇಕೆಂದರೆ ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೆಟಾ ಥನ್‌ಬರ್ಗ್ ಪಟ್ಟ ಪಾಡು ನೋಡಿ. 2019ರ ಆಗಸ್ಟಿನಲ್ಲಿ ಆ ಹುಡುಗಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಹಾಯಿದೋಣಿ ಹತ್ತಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಮುಟ್ಟಿದಳು. ಎರಡು ವಾರ. ಅದು ರೇಸಿನ ದೋಣಿ. ಟಾಯ್ಲೆಟ್ ಇಲ್ಲ, ಒಂದು ಬಕೆಟ್ಟು. ದೋಣಿಯನ್ನು ವಾಪಸ್ ತರುವ ನಾವಿಕರು ವಿಮಾನದಲ್ಲಿ ಬರುತ್ತಾರಂತೆ ಎಂದು ಸುದ್ದಿಯಾಗಿ, ಜನ ಕೈ ತಟ್ಟಿ ನಕ್ಕರು. ಅದಾದರೂ ಹೋಗಲಿ. ಡಿಸೆಂಬರಿನಲ್ಲಿ ಚಿಲಿ ದೇಶದಲ್ಲಿ ನಡೆಯಬೇಕಿದ್ದ ಹವಾಮಾನ ಸಮ್ಮೇಳನಕ್ಕೆ ಹೋಗುವುದೂ ಅವಳ ಆ ಪ್ರಯಾಣದ ಉದ್ದೇಶವಾಗಿತ್ತು. ಅಲ್ಲಿ ಗಲಭೆಯಾಗಿ ಸಮ್ಮೇಳನ ಸ್ಪೇನಿಗೆ ಹಾರಿತು! ಉಳಿದವರು ಟಿಕೆಟ್ ಬದಲಾಯಿಸಿಕೊಂಡರು. ಇವಳು ಯಾರಾದರೂ ದೋಣಿ ಕೊಡ್ತೀರಾ ಎಂದು ಕೇಳಬೇಕಾಯಿತು. ಕೊನೆಗೆ ಒಂದು ಹಾಯಿದೋಣಿಯವರು ಹತ್ತಿಸಿಕೊಂಡು ಚಳಿಗಾಲದ ಸಮುದ್ರದಲ್ಲಿ ಮೂರು ವಾರ ಓಲಾಡಿಸಿ ಲಿಸ್ಬನ್ನಿಗೆ ತಲುಪಿಸಿದರು. ನನಗೆ ಅಷ್ಟು ಎದೆಗಾರಿಕೆಯಿಲ್ಲ. ಅಮ್ಮನಿಗೆ ಹುಷಾರಿಲ್ಲ ಎಂದು ಫೋನ್ ಬಂದವರ ಎದುರು ರೈಲಿನ ಗುಣಗಾನ ಮಾಡುವಷ್ಟು ಕಲ್ಲುಮನಸ್ಸೂ ಇಲ್ಲ.

ನನಗಿರುವ ತೊಡಕು ಸಣ್ಣದು, ರಜೆ. ರೈಲಿನಲ್ಲಿ ಹೋಗಿ ಬರುವಷ್ಟರಲ್ಲೇ ಎರಡು ದಿನ ರಜೆ ಕರಗುತ್ತದೆ. ಬ್ರಿಟನ್ನಿನಲ್ಲಿ ‘ಕ್ಲೈಮೇಟ್ ಪರ್ಕ್ಸ್’ ಅಂತ ಒಂದು ಯೋಜನೆ ಬಂದಿದೆ. ಅದಕ್ಕೆ ಸೇರಿದ ಕಂಪನಿಗಳು ವಿಮಾನ ಬಿಟ್ಟು ರೈಲು, ಬಸ್ಸು, ದೋಣಿ ಹಿಡಿಯುವ ನೌಕರರಿಗೆ ದಾರಿಯ ದಿನಗಳಿಗೆಂದೇ ಸಂಬಳ ಸಮೇತ ರಜೆ ಕೊಡುತ್ತವೆ. ಓದಿ ಹುರುಪು ಬಂತು. ದೂರದ ಊರಿನಲ್ಲಿ ಒಂದು ಮೀಟಿಂಗ್ ಇತ್ತು. ನೇರ ಮೇಲಧಿಕಾರಿಯ ಹತ್ತಿರ ಹೋಗಿ, “ಸರ್, ನಾನು ರೈಲಿನಲ್ಲಿ ಹೋಗ್ತೀನಿ, ದಾರಿಯ ದಿನಗಳನ್ನು ಕೆಲಸದ ದಿನ ಅಂತಲೇ ಹಿಡೀರಿ” ಎಂದು ಇಂಗಾಲದ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಪೆನ್ನು ಕೆಳಗಿಟ್ಟರು. “ಹಾಗಾದ್ರೆ ನೀವು ಹೋಗೋದೇ ಬೇಡ ಬಿಡಿ. ವಿಡಿಯೋ ಕಾಲ್‌ನಲ್ಲೇ ಮುಗಿಸಿಬಿಡೋಣ” ಅಂದರು.

ಲೆಕ್ಕದ ಪ್ರಕಾರ ಅವರು ಹೇಳಿದ್ದೇ ಸರಿ. ಅದಕ್ಕೇ ಬೇಜಾರು.