ನಮ್ಮ ಮನೆಯ ದಕ್ಷಿಣಕ್ಕೆ ಯಾರಿದ್ದಾರೆ?

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅವ್ವ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಮನಿ ಇನ್ನೂ ಅವರ ಹೆಸರಲೇ ಐತಿ. ನಿನ್ನ ಹೆಸರಿಗೆ ಮಾಡಿಸ್ಕೊ." ಅದರಲ್ಲೇನಿದೆ, ಒಂದು ಅರ್ಜಿ, ಎರಡು ಫೋಟೊ, ಒಂದು ದಿನದ ರಜೆ ಅಂದುಕೊಂಡೆ. ರಜೆ ಒಂಬತ್ತು ಹೋದವು. ಫೋಟೊ ಎಷ್ಟು ಹೋದವೋ ಲೆಕ್ಕ ಇಟ್ಟಿಲ್ಲ.

ಮನೆ ಇರುವುದು ಇಳಕಲ್ಲಿನಲ್ಲಿ. ಅಪ್ಪ 1979ರಲ್ಲಿ ಕೊಂಡದ್ದು. ಟ್ರಂಕಿನ ತಳದಲ್ಲಿ, ಅವ್ವನ ಮದುವೆ ಸೀರೆಯ ಕೆಳಗೆ ಖರೀದಿ ಪತ್ರ ಸಿಕ್ಕಿತು. ಮಡಿಕೆ ಬಿಚ್ಚಿದರೆ ನಾಲ್ಕು ತುಂಡಾಗುತ್ತದೆ, ಹಾಗೆ ಜೀರ್ಣವಾಗಿತ್ತು. ಅದರಲ್ಲಿ ಬಿಜಾಪುರ ಜಿಲ್ಲೆ, ಹುನಗುಂದ ತಾಲೂಕು ಎಂದಿದೆ. 1997ರಲ್ಲಿ ನಮ್ಮದು ಬಾಗಲಕೋಟೆ ಜಿಲ್ಲೆ ಆಯಿತು. ಆಮೇಲೆ ಇಳಕಲ್ಲೇ ತಾಲೂಕಾಯಿತು. 2014ರಲ್ಲಿ ಬಿಜಾಪುರವೇ ವಿಜಯಪುರ ಆಯಿತು. ಮನೆ ಮಾತ್ರ ಕೂತಲ್ಲಿಂದ ಒಂದು ಇಂಚೂ ಅಲ್ಲಾಡಿಲ್ಲ, ಆದರೂ ಅದೇ ಮನೆ ಇದು ಅಂತ ಹೇಳೋಕೆ ನಾನು ಹೋದ ಕಡೆಯೆಲ್ಲ ಇತಿಹಾಸದ ಪಾಠ ಮಾಡಬೇಕಾಯಿತು. ಇದರ ಜೊತೆಗೆ ಅವ್ವ ರೇಷನ್ ಕಾರ್ಡಿನಲ್ಲಿ ಶಾಂತವ್ವ, ಆಧಾರ್‌ನಲ್ಲಿ ಶಾಂತಾಬಾಯಿ. ಇಬ್ಬರೂ ಒಬ್ಬಳೇ ಅಂತ ಒಂದು ಅಫಿಡವಿಟ್.

ಮೊದಲ ಎಡವಟ್ಟು ಆನ್‌ಲೈನ್‌ನಲ್ಲೇ ಆಯಿತು. ಮನೆ ಮೇಲೆ ಸಾಲ ಗೀಲ ಇದೆಯಾ ನೋಡೋಕೆ ಇಸಿ, ಅಂದರೆ ಋಣಭಾರ ಪ್ರಮಾಣ ಪತ್ರ, ತೆಗೆಸಬೇಕು ಅಂದರು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅರ್ಜಿ ಹಾಕಿದೆ. ಕೆಲವು ದಿನ ಬಿಟ್ಟು ನಮೂನೆ 16 ಬಂತು. ತೆರೆದು ನೋಡಿದರೆ ಈ ಆಸ್ತಿಯ ಮೇಲೆ ಯಾವ ವ್ಯವಹಾರವೂ ಕಂಡುಬಂದಿಲ್ಲ ಅಂತ ಇದೆ! ನನ್ನ ಕೈಕಾಲು ತಣ್ಣಗಾದವು. ಹಾಗಾದರೆ ಅಪ್ಪ ಕೊಂಡದ್ದೂ ಸುಳ್ಳಾ? ಮನೆಯೇ ಇಲ್ವಾ? ಆಸ್ತಿ ಪತ್ರ ಬರೆದುಕೊಡುವ ಬಾಂಡ್ ರೈಟರ್‌ಗೆ ಫೋನ್ ಹಚ್ಚಿದೆ.

"ಸರ, ಸಾಲದ ಬೋಜಾ ಇಲ್ಲ ಅಂತ ಬಂದೈತ್ರಿ ಅದು. ಪೇಢಾ ಹಂಚ್ರಿ," ಅಂದರು ಅವರು. ನಾನು ಹುಡುಕಿಸಿದ್ದು 2004ರಿಂದ ಈಚೆಗೆ. 1979ರ ಖರೀದಿ ಅದರಲ್ಲಿ ಎಲ್ಲಿಂದ ಬರಬೇಕು? ವ್ಯವಹಾರ ನಡೆದಿದ್ದರೆ ನಮೂನೆ 15, ನಡೆದಿಲ್ಲದಿದ್ದರೆ 16. ಆಸ್ಪತ್ರೆಯ ರಿಪೋರ್ಟಿನಲ್ಲಿ ನೆಗೆಟಿವ್ ಅಂತ ಬಂದರೆ ಅಳುವ ನಮ್ಮ ಕಾಕಾನಿಗೂ ನನಗೂ ಏನು ವ್ಯತ್ಯಾಸ ಹೇಳಿ.

ಬಾಂಡ್ ರೈಟರ್ ಇನ್ನೊಂದು ಮಾತು ಹೇಳಿದರು. ಮನೆ ನನ್ನೊಬ್ಬನ ಹೆಸರಿಗೆ ಆಗಬೇಕು ಅಂದರೆ ಅವ್ವ, ಅಕ್ಕ, ತಂಗಿ ಮೂವರೂ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು, ಅದು ನೋಂದಣಿ ಆಗಲೇಬೇಕು. ನೂರು ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯ ಹಕ್ಕು ಕೈ ಬದಲಾಗುವ ಇಂಥ ಪತ್ರಗಳನ್ನು ನೋಂದಾಯಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದಂತೆ. ಆ ನೂರು ಇವತ್ತಿಗೂ ನೂರೇ. ಈಗ ನೂರು ರೂಪಾಯಿಗೆ ನಮ್ಮ ತಲಬಾಗಿಲಿನ ಚಿಲಕ ಬರುವುದಿಲ್ಲ. ಮನೆಯವರ ನಡುವಿನ ಪತ್ರ ಆದ್ದರಿಂದ ಖರೀದಿಯಷ್ಟು ಮುದ್ರಾಂಕ ಶುಲ್ಕ ಬೀಳಲ್ಲ ಅಂದದ್ದೇ ತಡ, ನಾನು ಹೂಂ ಅಂದುಬಿಟ್ಟೆ. ಅಕ್ಕ ಜಮಖಂಡಿಯಿಂದ, ತಂಗಿ ಸೊಲ್ಲಾಪುರದಿಂದ ಬಂದು ಸಹಿ ಹಾಕಿ, ಹೋಳಿಗೆ ಉಂಡು ಹೋಗುತ್ತಾರೆ ಅಂತ ನನ್ನ ಲೆಕ್ಕ. ಅವರನ್ನು ಕೇಳಿದ್ದೆನಾ? ಇಲ್ಲ. ದಿನ ಗೊತ್ತು ಮಾಡಿ ತಿಳಿಸಿದ್ದೆ ಅಷ್ಟೇ.

ಇನ್ನು ಚಕ್ಕುಬಂದಿ, ಅಂದರೆ ಮನೆಯ ನಾಲ್ಕೂ ದಿಕ್ಕಿನ ಗಡಿ. ಹಳೆ ಪತ್ರದಲ್ಲಿ ಅರ್ಧ ಅಕ್ಷರ ಗೆದ್ದಲು ತಿಂದಿತ್ತು. ಓದೋಕೆ ಬಂದದ್ದು ಪಶ್ಚಿಮಕ್ಕೆ ಬೇವಿನ ಗಿಡ ಅನ್ನುವುದೊಂದೇ. ಆ ಗಿಡ ನಾನು ಹೈಸ್ಕೂಲಿನಲ್ಲಿದ್ದಾಗಲೇ ಮಳೆಗಾಳಿಗೆ ಬಿದ್ದು, ಒಂದು ವರ್ಷ ನಮ್ಮ ಬಚ್ಚಲ ಒಲೆಗೆ ಉರುವಲಾಗಿತ್ತು. ಅಂದರೆ ಮನೆಯ ಒಂದು ಗಡಿಯನ್ನೇ ಸುಟ್ಟು ನಾವು ಸ್ನಾನ ಮಾಡಿದ್ದೆವು. "ನಾಕೂ ಬಾಜು ಯಾರ್ಯಾರದಾರ, ನೀವ ನೋಡಿ ಬರಕೊಂಡ್ ಬರ್ರಿ ಸರ" ಅಂದರು ಬಾಂಡ್ ರೈಟರ್.

ಸಂಜೆ ರಸ್ತೆಯಲ್ಲಿ ಮನೆಗೆ ಮುಖ ಮಾಡಿ ನಿಂತೆ. ಶಾಲೆಯಲ್ಲಿ ಕಲಿತದ್ದು ನೆನಪಿತ್ತು, ಸೂರ್ಯನ ಕಡೆ ಮುಖ ಮಾಡಿ ನಿಂತರೆ ಬಲಗೈ ದಕ್ಷಿಣ. ಸೂರ್ಯ ಎದುರಿಗೇ, ನಮ್ಮ ಮಾಳಿಗೆಯ ಹಿಂದೆ ಮುಳುಗುತ್ತಿದ್ದ. ಬಲಗೈ ಕಡೆ ಮಗ್ಗದವರ ಮನೆ, ಎಡಗೈ ಕಡೆ ಖಾಲಿ ಜಾಗ. ದಕ್ಷಿಣಕ್ಕೆ ಮಗ್ಗದವರು, ಉತ್ತರಕ್ಕೆ ಖಾಲಿ ಜಾಗ ಅಂತ ಬರೆದು ಕೊಟ್ಟೆ. ಶಾಲೆಯಲ್ಲಿ ಹೇಳಿದ್ದು ಬೆಳಗಿನ ಸೂರ್ಯ ಅನ್ನೋದು ತಲೆಗೆ ಬರಲೇ ಇಲ್ಲ.

ಶನಿವಾರ ನೋಂದಣಿ ಕಚೇರಿ ಮುಂದೆ ಎಲ್ಲರೂ ಸೇರಿದೆವು. ಸರ್ವರ್ ಇಲ್ಲ, ಚಹಾ ಕುಡಿದು ಬರ್ರಿ ಅಂದರು. ಮೂರನೇ ಚಹಾ ಹೊತ್ತಿಗೆ ಅಕ್ಕ ಕರಡು ಪ್ರತಿ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಅಕ್ಕ ಕಿರಾಣಿ ಚೀಟಿಯನ್ನೂ ಎರಡು ಸಲ ಓದುವವಳು. ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಹೋದವಳು ಒಂದು ಕಡೆ ನಿಂತಳು.

"ತಮ್ಮಾ, ಮಗ್ಗದವರ ಮನಿ ನಮಗ ದಕ್ಷಿಣಕ್ಕ ಯಾವಾಗ ಬಂತೋ?"

"ಮೊದಲಿಂದನೂ ಅಲ್ಲೇ ಐತಲ್ಲ ಅಕ್ಕಾ."

"ಮಗ್ಗದವರನ್ನ ದಕ್ಷಿಣಕ್ಕ ಇಟ್ಕೊಂಡಾಂವ ಹಿಟ್ಟಿನ ಗಿರಣಿಯಾಂವ. ಅಂದ್ರ ಇವತ್ತ ನಾವು ಮೂರೂ ಮಂದಿ ಗಿರಣಿ ಮ್ಯಾಲಿನ ಹಕ್ಕ ಬಿಟ್ಟಕೊಡಾಕ ಬಂದೀವೇನು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಾಂಡ್ ರೈಟರ್ ಆಕಾಶ ನೋಡಿದರು. ನೋಂದಣಿ ಆಗಿಬಿಟ್ಟಿದ್ದರೆ ತಿದ್ದುಪಡಿ ಪತ್ರ ಅಂತ ಇನ್ನೊಂದು ಬರೆಸಿ, ಮತ್ತೆ ಎಲ್ಲರೂ ಬಂದು ಹೆಬ್ಬೆಟ್ಟು ಒತ್ತಬೇಕಿತ್ತಂತೆ.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಅಲ್ರೀ, ನಾವು ಹಕ್ಕ ಬಿಟ್ರ ಮಾತ್ರ ಹೆಸರ ಏರಸಾಕ ಬರ್ತೈತೇನು?" ಅಂತ ಬಾಂಡ್ ರೈಟರ್‌ನ ಕೇಳಿದಳು. ಪಾಪ, ಅವರು ನಿಜ ಹೇಳಿದರು. ಹಕ್ಕು ಬಿಡಬೇಕು ಅಂತೇನಿಲ್ಲ. ವಾರಸಾ, ಅಂದರೆ ತೀರಿಕೊಂಡವರ ಹೆಸರಿನ ಜಾಗಕ್ಕೆ ವಾರಸುದಾರರ ಹೆಸರು, ಮಾಡಿಸಿದರೆ ಸಾಕು. ಮರಣ ಪ್ರಮಾಣ ಪತ್ರ, ವಂಶಾವಳಿ, ಕರ ಕಟ್ಟಿದ ಪಾವತಿ ಹಚ್ಚಿ ಅರ್ಜಿ ಕೊಟ್ಟರೆ ನಾಲ್ಕೂ ಜನರ ಹೆಸರು ಏರುತ್ತದೆ. ಅದಕ್ಕೆ ಈ ಕಚೇರಿಗೆ ಬರುವುದೇ ಬೇಕಿಲ್ಲ! ನಾನು ಜಾಣನಂತೆ "ಹೆಣ್ಣಮಕ್ಕಳಿಗೂ ಸಮ ಪಾಲು ಅನ್ನೂ 2005ರ ಕಾನೂನಲ್ರೀ ಅದು?" ಅಂತ ಬಾಯಿ ಹಾಕಿದೆ. ಅದು ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಗೆ ಅಂದರು. ಅಪ್ಪ ಸ್ವಂತ ದುಡಿದು ಕೊಂಡು, ಮೃತ್ಯುಪತ್ರ ಬರೆಯದೇ ಹೋಗಿದ್ದರೆ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮ ಪಾಲು ಅನ್ನುವುದು 1956ರಿಂದಲೇ ಇದೆಯಂತೆ. ಅಂದರೆ ಅಪ್ಪ ಮನೆ ಕೊಳ್ಳುವುದಕ್ಕೂ 23 ವರ್ಷ ಮೊದಲು.

ಅಕ್ಕ ಪೆನ್ನಿನ ಟೊಪ್ಪಿಗೆ ಹಾಕಿದಳು. "ನಾಕೂ ಹೆಸರ ಇರ್ಲಿ. ಮಾರೂದು ಬಿಡೂದು ಮುಂದ ನೋಡೂನಂತ." ತಂಗಿ ತಲೆಯಾಡಿಸಿದಳು. ನನಗೆ ಒಳಗೊಳಗೇ ಸ್ವಲ್ಪ ಚುರ್ ಅಂತು, ಸುಳ್ಳು ಯಾಕೆ ಹೇಳಲಿ. ಆದರೆ ಗಿರಣಿಯನ್ನು ಮನೆ ಅಂತ ಬರೆಸಿದವನು ಯಾವ ಬಾಯಲ್ಲಿ ವಾದ ಮಾಡಬೇಕು? ಹೋಳಿಗೆ ಮಾತ್ರ ಲೆಕ್ಕದ ಪ್ರಕಾರವೇ ಆಯಿತು.

ಅರ್ಜಿ ಕೊಟ್ಟದ್ದಾಯಿತು. ತಕರಾರು ಇದ್ದವರು ತಿಳಿಸಿ ಅಂತ ನೋಟಿಸ್ ಅಂಟಿಸಿದರು. ಯಾರೂ ತಕರಾರು ಮಾಡಲಿಲ್ಲ. ಗಿರಣಿಯವರೂ ಮಾಡಲಿಲ್ಲ. ಈಗ ಮನೆಯ ಉತಾರದಲ್ಲಿ, ಅಂದರೆ ಮಾಲೀಕರ ಹೆಸರಿರುವ ದಾಖಲೆಯಲ್ಲಿ, ಅವ್ವ, ಅಕ್ಕ, ನಾನು, ತಂಗಿ, ಸಾಲಾಗಿ ನಾಲ್ಕು ಹೆಸರು.

ಮೊನ್ನೆ ಏಪ್ರಿಲ್‌ನಲ್ಲಿ ಅಕ್ಕನ ಫೋನ್. "ತಮ್ಮಾ, ಈ ತಿಂಗಳ ಕಟ್ಟಿದ್ರ ಮನಿ ಕರದಾಗ ನೂರಕ್ಕ ಐದು ಸೋಡಿ ಬಿಡ್ತಾರಂತ. ಕಟ್ಟಿದೇನು?"

"ನಾಕು ಹೆಸರ ಅದಾವಲ್ಲ ಅಕ್ಕಾ," ಅಂದೆ.

"ಹೆಸರ ನಾಕು ಅದಾವೋ. ಫೋನ್ ನಂಬರ್ ಯಾರದು ಕೊಟ್ಟೀ?"